ಗೆರೆ ದಾಟಿದ ಚೆಂಡು, ರೆಫರಿಯ ಎರಡನೇ ನೋಟ

2024ರ ಜೂನ್ 11. ಕತಾರ್‌ನ ಜಾಸಿಂ ಬಿನ್ ಹಮದ್ ಸ್ಟೇಡಿಯಂನಲ್ಲಿ ಭಾರತ ಮತ್ತು ಕತಾರ್ ನಡುವೆ ವಿಶ್ವಕಪ್ ಫುಟ್ಬಾಲ್ ಅರ್ಹತಾ ಪಂದ್ಯ. 37ನೇ ನಿಮಿಷದಲ್ಲಿ ಲಾಲಿಯಾನ್‌ಝುವಾಲಾ ಛಾಂಗ್ಟೆ ಹೊಡೆದ ಗೋಲಿನಿಂದ ಭಾರತ 1-0 ಮುಂದಿತ್ತು. ಹಾಗೆಯೇ ಆಟ ಮುಗಿದಿದ್ದರೆ ನಮ್ಮ ತಂಡ ಅರ್ಹತಾ ಪಂದ್ಯಗಳ ಮೂರನೇ ಸುತ್ತಿಗೆ ಹೋಗುತ್ತಿತ್ತು. ಭಾರತದ ಫುಟ್ಬಾಲಿಗೆ ಅದು ಸಣ್ಣ ಸಂಗತಿ ಆಗಿರಲಿಲ್ಲ.

73ನೇ ನಿಮಿಷ. ಕತಾರ್ ಆಟಗಾರ ತಲೆಯಿಂದ ಹೊಡೆದ ಚೆಂಡನ್ನು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಚೆಂಡು ಉರುಳಿಕೊಂಡು ಗೋಲ್‌ಪೋಸ್ಟಿನ ಪಕ್ಕದಲ್ಲಿ ಗೆರೆ ದಾಟಿ ಹೊರಗೆ ಹೋಯಿತು. ಹೊರಗೆ ಹೋದ ಚೆಂಡನ್ನು ಕತಾರ್‌ನ ಇನ್ನೊಬ್ಬ ಆಟಗಾರ ಕಾಲಿನಿಂದ ಒಳಗೆ ಎಳೆದ. ಯೂಸುಫ್ ಅಯ್ಮನ್ ಅದನ್ನು ಬಲೆಗೆ ತಳ್ಳಿದರು. ರೆಫರಿ ಗೋಲು ಕೊಟ್ಟೇಬಿಟ್ಟರು. ನಮ್ಮ ಆಟಗಾರರು ಸುತ್ತ ನಿಂತು ಎಷ್ಟು ಹೇಳಿದರೂ ತೀರ್ಪು ಬದಲಾಗಲಿಲ್ಲ. 85ನೇ ನಿಮಿಷದಲ್ಲಿ ಕತಾರ್ ಇನ್ನೊಂದು ಗೋಲು ಹೊಡೆಯಿತು. ಭಾರತ 2-1ರಿಂದ ಸೋತು ವಿಶ್ವಕಪ್ ಹಾದಿಯಿಂದಲೇ ಹೊರಗೆ ಬಿತ್ತು.

ಮನೆಯಲ್ಲಿ ಮೊಬೈಲ್ ಹಿಡಿದು ಕೂತ ಹುಡುಗನಿಗೂ ಚೆಂಡು ಗೆರೆ ದಾಟಿದ್ದು ಕಂಡಿತು. ಕಾಣಬೇಕಾದ ರೆಫರಿಗೆ ಕಾಣಲಿಲ್ಲ. ಮತ್ತೊಮ್ಮೆ ನೋಡುವ ಅವಕಾಶವೂ ಅವರಿಗೆ ಇರಲಿಲ್ಲ. ಯಾಕೆಂದರೆ ಆ ಪಂದ್ಯಕ್ಕೆ ವಿಎಆರ್ ಇರಲಿಲ್ಲ.

ವಿಎಆರ್ ಅಂದ್ರೆ ಎಂತ?

ವಿಡಿಯೋ ಅಸಿಸ್ಟೆಂಟ್ ರೆಫರಿ ಎಂಬುದರ ಚಿಕ್ಕ ಹೆಸರೇ ವಿಎಆರ್. ಹೆಸರು ಕೇಳಿ ಇದೊಂದು ಯಂತ್ರ ಎಂದುಕೊಂಡವರು ತುಂಬಾ ಮಂದಿ. ಹಾಗಲ್ಲ, ವಿಎಆರ್ ಒಬ್ಬ ಮನುಷ್ಯ. ಹಲವು ಕ್ಯಾಮರಾಗಳ ದೃಶ್ಯಗಳನ್ನು ಮುಂದಿಟ್ಟುಕೊಂಡು, ಸಹಾಯಕರ ಜೊತೆ ಒಂದು ಕೋಣೆಯಲ್ಲಿ ಕೂತಿರುವ ರೆಫರಿ. ಮೈದಾನದ ರೆಫರಿಯ ಕಿವಿಗೆ ಅವರ ಮಾತು ನೇರ ತಲುಪುತ್ತದೆ.

ಎಲ್ಲದಕ್ಕೂ ಅವರು ಬಾಯಿ ಹಾಕುವ ಹಾಗಿಲ್ಲ. 2018ರಲ್ಲಿ ನಿಯಮ ಬಂದಾಗ ನಾಲ್ಕೇ ವಿಷಯಗಳು ಅವರ ಪಾಲಿಗಿದ್ದವು: ಗೋಲು ಹೌದೋ ಅಲ್ಲವೋ, ಪೆನಾಲ್ಟಿ ಹೌದೋ ಅಲ್ಲವೋ, ನೇರ ರೆಡ್ ಕಾರ್ಡ್, ಮತ್ತೆ ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಕಾರ್ಡ್ ತೋರಿಸಿದ್ದರೆ ಅದನ್ನು ಸರಿಪಡಿಸುವುದು. ಅದರಲ್ಲೂ ರೆಫರಿಯ ತಪ್ಪು ಎದ್ದು ಕಾಣುವಂತಿರಬೇಕು, ಇಲ್ಲವೇ ಗಂಭೀರವಾದ ಒಂದು ಘಟನೆ ಅವರ ಕಣ್ಣು ತಪ್ಪಿರಬೇಕು. ‘ಹೀಗೂ ಹೇಳಬಹುದು, ಹಾಗೂ ಹೇಳಬಹುದು’ ಎನ್ನುವಂಥ ತೀರ್ಪಾದರೆ ಮೈದಾನದ ರೆಫರಿ ಹೇಳಿದ್ದೇ ಉಳಿಯುತ್ತದೆ.

ಕ್ರಿಕೆಟ್ ನೋಡುವ ನಮಗೆ ಥರ್ಡ್ ಅಂಪೈರ್ ಹೊಸತಲ್ಲ. 1992ರಲ್ಲಿ ಡರ್ಬನ್‌ನಲ್ಲಿ ಟಿವಿ ನೋಡಿ ರನೌಟ್ ಕೊಟ್ಟ ಮೊದಲ ಆಟಗಾರ ನಮ್ಮ ಸಚಿನ್ ತೆಂಡೂಲ್ಕರ್. ಆದರೆ ಕ್ರಿಕೆಟಿನ ಡಿಆರ್‌ಎಸ್‌ನಲ್ಲಿ ಆಟಗಾರನೇ ಕೈಯಿಂದ ಸನ್ನೆ ಮಾಡಿ ಮರುಪರಿಶೀಲನೆ ಕೇಳಬಹುದು. ವಿಎಆರ್‌ನಲ್ಲಿ ಆ ಹಕ್ಕು ಆಟಗಾರನಿಗೆ ಇಲ್ಲ. ಕೈಯಲ್ಲಿ ಟಿವಿಯ ಚೌಕ ಬರೆದು ಮತ್ತೆ ಮತ್ತೆ ಒತ್ತಾಯಿಸಿದರೆ ಯೆಲ್ಲೋ ಕಾರ್ಡ್ ಸಿಗುತ್ತದೆ. ಕೊನೆಯ ಮಾತು ಯಾವಾಗಲೂ ಮೈದಾನದ ರೆಫರಿಯದ್ದೇ. ಕೋಣೆಯಲ್ಲಿ ಕೂತವರು ಸಾಕ್ಷಿ ಹೇಳುತ್ತಾರೆ, ತೀರ್ಪು ಹೇಳುವುದು ಇವರು.

ಟ್ಯುನೀಷಿಯಾದ ರೆಫರಿಯ ಕಥೆ

ಈ ಎರಡನೇ ನೋಟ ಯಾಕೆ ಬೇಕಾಯಿತು ಎಂದು ತಿಳಿಯಲು 1986ಕ್ಕೆ ಹೋಗಬೇಕು. ಜೂನ್ 22, ಮೆಕ್ಸಿಕೋದ ಅಜ್ಟೆಕಾ ಸ್ಟೇಡಿಯಂ. ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾ ಮತ್ತು ಇಂಗ್ಲೆಂಡ್. ರೆಫರಿ ಟ್ಯುನೀಷಿಯಾದ ಅಲಿ ಬಿನ್ ನಾಸಿರ್. ಮೇಲೆ ಹಾರಿದ ಮರಡೋನಾ ಚೆಂಡನ್ನು ಬಲೆಗೆ ಹಾಕಿದ್ದು ತಲೆಯಿಂದ ಅಲ್ಲ, ಕೈಯಿಂದ. ರೆಫರಿಗೆ ಕೈ ಕಾಣಲಿಲ್ಲ. ಸಂಶಯ ಬಂದು ಲೈನ್ಸ್‌ಮನ್ ಕಡೆ ನೋಡಿದೆ, ಅವರು ಏನೂ ಸೂಚನೆ ಕೊಡಲಿಲ್ಲ ಎಂದು ಅಲಿ ಆಮೇಲೆ ಹೇಳಿದ್ದುಂಟು. ಗೋಲು ನಿಂತಿತು. ಅರ್ಜೆಂಟೀನಾ 2-1ರಿಂದ ಗೆದ್ದು, ಮುಂದೆ ಕಪ್ಪನ್ನೂ ಎತ್ತಿತು.

ಅದೇ ಪಂದ್ಯದಲ್ಲಿ ಮರಡೋನಾ ಅರ್ಧ ಮೈದಾನ ಓಡಿ ಹೊಡೆದ ಎರಡನೇ ಗೋಲಿಗೂ ರೆಫರಿ ಅಲಿಯವರೇ. ಇಂಗ್ಲೆಂಡ್ ಆಟಗಾರರು ಮರಡೋನಾನನ್ನು ಬೀಳಿಸಲು ನೋಡಿದಾಗಲೂ ಅವರು ಸೀಟಿ ಊದದೆ ಆಟ ಮುಂದುವರಿಯಲು ಬಿಟ್ಟಿದ್ದರು. ಆದರೆ ಲೋಕ ಅವರನ್ನು ನೆನಪಿಟ್ಟುಕೊಂಡದ್ದು ಕಾಣದೆ ಹೋದ ಒಂದು ಕೈಗಾಗಿ. 2015ರಲ್ಲಿ ಮರಡೋನಾ ಟ್ಯುನೀಷಿಯಾಕ್ಕೆ ಹೋಗಿ ಅವರನ್ನು ಭೇಟಿಯಾಗಿ, ಸಹಿ ಹಾಕಿದ ಜೆರ್ಸಿ ಕೊಟ್ಟು ಬಂದರು. ಆ ಪಂದ್ಯದ ಚೆಂಡು ಅಲಿಯವರ ಬಳಿಯೇ ಇತ್ತು. 2022ರ ನವೆಂಬರ್‌ನಲ್ಲಿ ಅದು ಹರಾಜಿನಲ್ಲಿ 20 ಲಕ್ಷ ಪೌಂಡಿಗೆ ಹೋಯಿತು.

ಕಂಡರೂ ತಿದ್ದಲಾಗದ ದಿನ

ಅಲಿಯವರಿಗೆ ತಪ್ಪು ಕಾಣಲೇ ಇಲ್ಲ. ಇಟಲಿಯ ರೆಫರಿ ರೊಬೆರ್ತೋ ರೊಸೆಟ್ಟಿಯವರ ಪಾಡು ಅದಕ್ಕಿಂತ ಕಷ್ಟದ್ದು.

2010ರ ಜೂನ್ 27ರಂದು ದಕ್ಷಿಣ ಆಫ್ರಿಕಾ ವಿಶ್ವಕಪ್‌ನಲ್ಲಿ ಒಂದೇ ದಿನ ಎರಡು ತಪ್ಪುಗಳಾದವು. ಮೊದಲಿಗೆ ಜರ್ಮನಿ ವಿರುದ್ಧ ಇಂಗ್ಲೆಂಡ್‌ನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಮೇಲಿನ ಕಂಬಕ್ಕೆ ಬಡಿದು ಗೋಲು ಗೆರೆಯ ಒಳಗೆ ಬಿದ್ದು ಹೊರಗೆ ಪುಟಿಯಿತು. ಗೋಲು ಸಿಗಲಿಲ್ಲ. ಅದೇ ರಾತ್ರಿ ಜೋಹಾನ್ಸ್‌ಬರ್ಗ್‌ನಲ್ಲಿ ಮೆಕ್ಸಿಕೋ ವಿರುದ್ಧ ಅರ್ಜೆಂಟೀನಾದ ಕಾರ್ಲೋಸ್ ಟೆವೆಜ್ ಗೋಲು ಹೊಡೆದರು. ಅದು ನೇರಾನೇರ ಆಫ್‌ಸೈಡ್. ಅಂದರೆ ಚೆಂಡು ತನ್ನತ್ತ ಬರುವ ಹೊತ್ತಿಗೆ ಅವರು ಎದುರಾಳಿ ರಕ್ಷಕರನ್ನೆಲ್ಲ ದಾಟಿ ಗೋಲಿನ ಹತ್ತಿರ ನಿಂತಿದ್ದರು. ರೆಫರಿ ರೊಸೆಟ್ಟಿ ಗೋಲು ಕೊಟ್ಟಾಗಿತ್ತು.

ಅಷ್ಟರಲ್ಲಿ ಸ್ಟೇಡಿಯಂನ ದೊಡ್ಡ ಪರದೆಯಲ್ಲಿ ಆ ದೃಶ್ಯ ಮತ್ತೆ ಬಂತು. ಇಡೀ ಸ್ಟೇಡಿಯಂಗೇ ಕಂಡಿತು. ಮೆಕ್ಸಿಕೋ ಆಟಗಾರರು ಪರದೆ ತೋರಿಸಿ ಕೂಗಾಡಿದರು. ರೊಸೆಟ್ಟಿ ತಮ್ಮ ಸಹಾಯಕನ ಹತ್ತಿರ ಹೋಗಿ ಮಾತಾಡಿದರು. ಆದರೆ ವಿಡಿಯೋ ನೋಡಿ ತೀರ್ಪು ಬದಲಿಸಲು ಅಂದಿನ ನಿಯಮ ಬಿಡುತ್ತಿರಲಿಲ್ಲ. ತಪ್ಪು ಎಂದು ಲೋಕಕ್ಕೆಲ್ಲ ಗೊತ್ತಾದ ಗೋಲನ್ನೇ ಅವರು ಎತ್ತಿಹಿಡಿಯಬೇಕಾಯಿತು.

ಆ ದಿನದ ನಂತರ ಬದಲಾವಣೆಗಳು ಒಂದೊಂದಾಗಿ ಬಂದವು. ಚೆಂಡು ಗೋಲು ಗೆರೆ ದಾಟಿತೇ ಎಂದು ಹೇಳುವ ತಂತ್ರಜ್ಞಾನಕ್ಕೆ 2012ರಲ್ಲಿ ಒಪ್ಪಿಗೆ ಸಿಕ್ಕಿತು. ನೆದರ್‌ಲ್ಯಾಂಡ್ಸ್‌ನವರು ವಿಡಿಯೋ ರೆಫರಿಯ ಪ್ರಯೋಗ ನಡೆಸಿದರು. 2018ರ ಮಾರ್ಚ್‌ನಲ್ಲಿ ವಿಎಆರ್ ಫುಟ್ಬಾಲ್ ನಿಯಮಗಳ ಪುಸ್ತಕಕ್ಕೆ ಸೇರಿತು. ಅದೇ ವರ್ಷ ರಷ್ಯಾದಲ್ಲಿ ನಡೆದ ವಿಶ್ವಕಪ್‌ನಲ್ಲಿ ಮೊದಲ ಸಲ ಬಳಕೆಯಾಯಿತು. ಆಗ ಫಿಫಾದ ವಿಎಆರ್ ಯೋಜನೆಯನ್ನು ಮುನ್ನಡೆಸಿದವರು ಯಾರು ಗೊತ್ತುಂಟಾ? ಅದೇ ರೊಬೆರ್ತೋ ರೊಸೆಟ್ಟಿ.

ಸೌದಿ ಗೆದ್ದ ದಿನ

2022ರ ಕತಾರ್ ವಿಶ್ವಕಪ್ ನಮ್ಮ ಮನೆಗಳಿಗೆ ಹತ್ತಿರದ ವಿಶ್ವಕಪ್. ಗಲ್ಫ್‌ನಲ್ಲಿ ದುಡಿಯುವ ಮಗ, ಅಳಿಯ, ತಮ್ಮ ಇರುವ ಮನೆಗಳಿಗೆ ಆ ಊರುಗಳ ಹೆಸರು ಬಾಯಿಪಾಠ. ಅಲ್ಲಿ ಆಫ್‌ಸೈಡ್ ಹಿಡಿಯಲು ಸ್ಟೇಡಿಯಂನ ಛಾವಣಿಯ ಕೆಳಗೆ 12 ಕ್ಯಾಮರಾಗಳನ್ನು ಇಟ್ಟಿದ್ದರು. ಪ್ರತಿ ಆಟಗಾರನ ಮೈಯ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಅವು ಗುರುತಿಸುತ್ತಿದ್ದವು. ಚೆಂಡಿನೊಳಗಿದ್ದ ಸೆನ್ಸರ್ ಸೆಕೆಂಡಿಗೆ 500 ಸಲ ಮಾಹಿತಿ ಕಳುಹಿಸುತ್ತಿತ್ತು.

ನವೆಂಬರ್ 22ರಂದು ಸೌದಿ ಅರೇಬಿಯಾ ಎದುರು ಅರ್ಜೆಂಟೀನಾ. ಆರಂಭದಲ್ಲೇ ರೆಫರಿ ಮೈದಾನದ ಬದಿಯ ಟಿವಿ ನೋಡಿ ಅರ್ಜೆಂಟೀನಾಕ್ಕೆ ಪೆನಾಲ್ಟಿ ಕೊಟ್ಟರು. ಮೆಸ್ಸಿ ಗೋಲು ಹೊಡೆದರು. ಸೌದಿಯವರಿಗೆ ಆಗ ವಿಎಆರ್ ಶತ್ರು. ಆಮೇಲೆ ಮೊದಲಾರ್ಧದಲ್ಲಿ ಅರ್ಜೆಂಟೀನಾದ ಮೂರು ಗೋಲುಗಳು ಆಫ್‌ಸೈಡ್ ಎಂದು ರದ್ದಾದವು. ಅದರಲ್ಲಿ ಲೌತಾರೋ ಮಾರ್ಟಿನೆಜ್ ಅವರ ಒಂದು ಗೋಲು ರದ್ದಾದದ್ದು ವಿಎಆರ್‌ನಿಂದ. ಆಗ ಅದೇ ವಿಎಆರ್ ಸೌದಿಗೆ ಮಿತ್ರ. ಎರಡನೇ ಅರ್ಧದಲ್ಲಿ ಸಾಲಿಹ್ ಅಲ್ ಶಹ್ರಿ ಮತ್ತು ಸಾಲಿಮ್ ಅಲ್ ದೌಸರಿ ಗೋಲು ಹೊಡೆದು 2-1ರಿಂದ ಗೆದ್ದರು. ಅರ್ಜೆಂಟೀನಾ ದೊಡ್ಡ ತಂಡ, ಮೆಸ್ಸಿ ದೊಡ್ಡ ಆಟಗಾರ ಎಂದು ಕ್ಯಾಮರಾ ದಾಕ್ಷಿಣ್ಯ ತೋರಲಿಲ್ಲ.

ಕ್ಯಾಮರಾ ಸರಿ, ಕಿವಿ ತಪ್ಪು

ಹಾಗಾದರೆ ವಿಎಆರ್ ಬಂದರೆ ತಪ್ಪೇ ಇಲ್ಲವಾ? 2023ರ ಸೆಪ್ಟೆಂಬರ್ 30ರ ಪಂದ್ಯ ನೋಡಿ. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ದಿಯಾಸ್ ಗೋಲು ಹೊಡೆದರು. ಲೈನ್ಸ್‌ಮನ್ ಆಫ್‌ಸೈಡ್ ಎಂದು ಬಾವುಟ ಎತ್ತಿದರು. ವಿಎಆರ್ ಕೋಣೆಯಲ್ಲಿ ಗೆರೆ ಎಳೆದು ನೋಡಿದರೆ ಆಫ್‌ಸೈಡ್ ಅಲ್ಲವೇ ಅಲ್ಲ. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಎಂದು ವಿಎಆರ್ ತಪ್ಪು ತಿಳಿದುಕೊಂಡಿದ್ದರು. ‘ಪರಿಶೀಲನೆ ಮುಗಿಯಿತು’ ಎಂದು ಹೇಳಿಬಿಟ್ಟರು. ರೆಫರಿ ಅದನ್ನು ಆಫ್‌ಸೈಡ್ ಎಂದೇ ತಿಳಿದು ಆಟ ಮುಂದುವರಿಸಿದರು.

ಕೆಲವೇ ಸೆಕೆಂಡುಗಳಲ್ಲಿ ಕೋಣೆಯವರಿಗೆ ಪ್ರಮಾದ ತಿಳಿಯಿತು. ಆದರೆ ಆಟ ಮತ್ತೆ ಶುರುವಾಗಿತ್ತು, ಆ ಮೇಲೆ ಹಿಂದಕ್ಕೆ ಹೋಗಲು ನಿಯಮದಲ್ಲಿ ದಾರಿ ಇರಲಿಲ್ಲ. ಟಾಟನ್‌ಹ್ಯಾಮ್ 2-1ರಿಂದ ಗೆದ್ದಿತು. ರೆಫರಿಗಳ ಸಂಸ್ಥೆ ತಪ್ಪೊಪ್ಪಿಕೊಂಡು, ಕೋಣೆಯಲ್ಲಿ ನಡೆದ ಮಾತುಕತೆಯ ಧ್ವನಿಮುದ್ರಣವನ್ನೂ ಹೊರಗೆ ಬಿಟ್ಟಿತು. 13 ವರ್ಷಗಳ ಹಿಂದೆ ರೊಸೆಟ್ಟಿ ಅನುಭವಿಸಿದ್ದನ್ನೇ, ಇಷ್ಟೆಲ್ಲ ಉಪಕರಣ ಇದ್ದೂ ಇವರೂ ಅನುಭವಿಸಿದರು. ಚಿತ್ರ ಸರಿಯಾಗಿಯೇ ಇತ್ತು. ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ಮುಟ್ಟಲಿಲ್ಲ, ಅಷ್ಟೆ.

ಬೇರೆ ದೂರುಗಳೂ ಉಂಟು. ಗೋಲು ಬಿದ್ದ ಕೂಡಲೇ ಕುಣಿಯುವ ಹಾಗಿಲ್ಲ, ಕಾಯಬೇಕು. ಸ್ಟೇಡಿಯಂನಲ್ಲಿ ದುಡ್ಡು ಕೊಟ್ಟು ಕೂತವನಿಗೇ ಏನು ನೋಡುತ್ತಿದ್ದಾರೆಂದು ಗೊತ್ತಾಗುವುದಿಲ್ಲ. ಈ ದೂರಿಗಾಗಿಯೇ 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳು ತೀರ್ಪನ್ನು ಮೈಕ್‌ನಲ್ಲಿ ಹೇಳಿದರು. 2024ರ ಜೂನ್‌ನಲ್ಲಿ ವೋಲ್ವ್ಸ್ ಕ್ಲಬ್ ಪ್ರೀಮಿಯರ್ ಲೀಗ್‌ನಿಂದ ವಿಎಆರನ್ನೇ ತೆಗೆಯಬೇಕೆಂದು ಮತಕ್ಕೆ ಹಾಕಿತು. 20 ಕ್ಲಬ್‌ಗಳಲ್ಲಿ 19 ಕ್ಲಬ್‌ಗಳು ಬೇಡ, ಇರಲಿ ಎಂದವು. ಬೈಯುತ್ತಲೇ ಇಟ್ಟುಕೊಂಡರು.

ನಮ್ಮ ಪಾಲಿಗೆ ಬಂದಾಗ

ಈ ಎರಡನೇ ನೋಟ ಎಲ್ಲರಿಗೂ ಸಿಗುವುದಿಲ್ಲ. ಕ್ಯಾಮರಾ, ಕೋಣೆ, ತರಬೇತಾದ ರೆಫರಿಗಳು, ಎಲ್ಲದಕ್ಕೂ ಖರ್ಚುಂಟು. 2024ರ ಜನವರಿಯಲ್ಲಿ ಇದೇ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ಗೆ ವಿಎಆರ್ ಇತ್ತು, ಭಾರತವೂ ಅಲ್ಲಿ ಆಡಿತ್ತು. ಐದು ತಿಂಗಳು ಕಳೆದು ಅರ್ಹತಾ ಪಂದ್ಯಕ್ಕೆ ಹೋದಾಗ ಇರಲಿಲ್ಲ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ನಡೆದ ಐಎಸ್‌ಎಲ್ ಪಂದ್ಯಕ್ಕೂ ಇರಲಿಲ್ಲ. ಸುನಿಲ್ ಛೆಟ್ರಿ ಫ್ರೀ ಕಿಕ್‌ನಲ್ಲಿ ಹೊಡೆದ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟೇ ಹೋಯಿತು. ಅದಕ್ಕೆ ಬಿದ್ದ ದಂಡ 4 ಕೋಟಿ ರೂಪಾಯಿ.

ಕತಾರ್ ಪಂದ್ಯದ ಬಗ್ಗೆ ಭಾರತದ ಫುಟ್ಬಾಲ್ ಫೆಡರೇಶನ್ ದೂರು ಕೊಟ್ಟಿತು, ತನಿಖೆ ಕೇಳಿತು. ಫಲಿತಾಂಶ ಹಾಗೆಯೇ ಉಳಿಯಿತು. ದೊಡ್ಡ ಪಂದ್ಯಕ್ಕೇ ಹೀಗಾದರೆ ನಮ್ಮ ಊರಿನ ಗದ್ದೆಯಲ್ಲಿ, ಶಾಲೆಯ ಮೈದಾನದಲ್ಲಿ, ಬಾಡಿಗೆಯ ಟರ್ಫ್‌ನಲ್ಲಿ ಆಡುವ ಮಕ್ಕಳಿಗೆ ವಿಎಆರ್ ಎಲ್ಲಿಂದ ಬರಬೇಕು ಮಾರಾಯ್ರೆ? ಅಲ್ಲಿ ಇರುವುದು ಒಬ್ಬ ರೆಫರಿ, ಒಂದು ಸೀಟಿ. ಬದಿಯಲ್ಲಿ ನಿಂತು ಅವರಿಗೆ ಬೈಯುವ ನಾವು ಹತ್ತು ಮಂದಿ.

ಒಂದು ಮಾತು ಮರೆಯಬಾರದು. ಚೆಂಡು ಕೈಗೆ ತಾಗಿದ್ದು ರೆಫರಿಗೆ, ಕ್ಯಾಮರಾಕ್ಕೆ ಗೊತ್ತಾಗುವ ಮೊದಲೇ ಮರಡೋನಾನಿಗೆ ಗೊತ್ತಿತ್ತು. ಊರಿನ ಮೈದಾನದಲ್ಲೂ ಹಾಗೆಯೇ, ಚೆಂಡು ಹೊರಗೆ ಹೋದದ್ದು ಹೆಚ್ಚಾಗಿ ಅದನ್ನು ಒದ್ದ ಹುಡುಗನಿಗೇ ಮೊದಲು ಗೊತ್ತಾಗುತ್ತದೆ. ಸಂಜೆ ಮಗ ಆಟ ಮುಗಿಸಿ ಬೆವರಿಕೊಂಡು ಮನೆಗೆ ಬಂದಾಗ ‘ಗೆದ್ದೆಯಾ ಮೋನೆ?’ ಎಂದು ನಾವು ಕೇಳುತ್ತೇವೆ. ಅದರ ಜೊತೆ ಇನ್ನೊಂದನ್ನೂ ಕೇಳಿ ನೋಡಬಹುದು: ‘ಬಾಲ್ ಔಟ್ ಹೋದದ್ದು ನಿನಗೆ ಗೊತ್ತಾದಾಗ ನೀನೇ ಹೇಳಿದೆಯಾ?’