ಪ್ರಜಾಪ್ರತಿನಿಧಿಗಳ ಪತ್ರಾಧಿಕಾರ

ಅಧಿಕಾರಸ್ಥನು ಪ್ರಜೆಗಳಿಗೆ ಬರೆಯುವ ಮಾತಿನಲ್ಲಿ ಪದವಿಯ ಅಂಶವೆಷ್ಟು, ವ್ಯಕ್ತಿಯ ಅಂಶವೆಷ್ಟು ಎಂಬ ವಿಚಾರವು ಮೊದಲು ಅಂಚೆಯ ವಿಷಯದಲ್ಲಿ ಎದ್ದಿತು. ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದಿಂದ ಪಾರ್ಲಿಮೆಂಟಿನ ಸದಸ್ಯರಿಗೆ ಕೂಲಿಯಿಲ್ಲದೆ ಕಾಗದ ಕಳುಹಿಸುವ ಹಕ್ಕಿದ್ದಿತು. ಇದಕ್ಕೆ ‘ಫ್ರಾಂಕ್’ ಎಂದು ಹೆಸರು. ‘ಬಂಧರಹಿತ’ವೆಂದು ಆ ಶಬ್ದದ ಮೂಲಾರ್ಥ. ಕಾಗದದ ಹೊರಮೈಯಲ್ಲಿ ಸದಸ್ಯನ ಸಹಿಯೊಂದಿದ್ದರೆ ಸಾಕಾಗಿತ್ತು. ಆದುದರಿಂದ ಸಹಿಮಾಡಿದ ಬರಿಯ ಹೊದಿಕೆಗಳು ಮಿತ್ರರ ಕೈಸೇರತೊಡಗಿದುವು, ಕಳ್ಳಸಹಿಗಳೂ ಹುಟ್ಟಿಕೊಂಡುವು. ವಿಳಾಸವನ್ನೆಲ್ಲ ಸದಸ್ಯನೇ ಸ್ವಹಸ್ತದಿಂದ ಬರೆಯತಕ್ಕುದೆಂದು 1764ರ ಶಾಸನವೂ, ತಾರೀಖನ್ನೂ ಬರೆಯತಕ್ಕುದೆಂದು 1784ರ ಶಾಸನವೂ ವಿಧಿಸಿದುವು. ಮುದ್ರಾರಾಕ್ಷಸವನ್ನು ಓದಿದವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ: ರಾಕ್ಷಸನ ಉಂಗುರವು ಚಾಣಕ್ಯನ ವಶವಾದ ಮೇಲೆ ಪತ್ರವು ರಾಕ್ಷಸನದೇ ಆಗಿಬಿಡುತ್ತದೆ. 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದಾಗ ಅಲ್ಲಿ ಈ ಹಕ್ಕು ರದ್ದಾಯಿತು.

ಅಮೆರಿಕದಲ್ಲಿ 1775ರಲ್ಲಿ ತೊಡಗಿದ ಇದೇ ಹಕ್ಕು 1873ರಲ್ಲಿ ನಿಂತು, ಶತಮಾನವು ಮುಗಿಯುವುದರೊಳಗೆ ಮರಳಿ ಬಂದಿತು. ಅಲ್ಲಿ ಕಂಡುಬಂದ ದೋಷ ಬೇರೆ: ಸದಸ್ಯನೇ ಪ್ರಜೆಗಳ ಹಣದಿಂದ ತನ್ನ ಮುಂದಿನ ಚುನಾವಣೆಗೆ ನೆಲ ಹದಮಾಡಿಕೊಳ್ಳುವುದು. 1973ರ ಶಾಸನವು ಇಂಥ ಪತ್ರಗಳಲ್ಲಿ ಮತಯಾಚನೆಯನ್ನೂ ಸ್ವಪ್ರಶಂಸೆಯನ್ನೂ ನಿಷೇಧಿಸಿತು. ಒಂದೇ ಒಕ್ಕಣೆಯ 500ಕ್ಕೆ ಮೀರಿದ ಪತ್ರಗಳನ್ನು ಚುನಾವಣೆಗೆ ಮುಂಚಿನ ನಿಯತ ದಿನಗಳಲ್ಲಿ ಕಳುಹಿಸದಂತೆಯೂ ತಡೆಯಿತು.

ಫೇಸ್‌ಬುಕ್ಕಿನಲ್ಲಿ ಲಕೋಟೆಯೂ ಇಲ್ಲ, ಕೂಲಿಯೂ ಇಲ್ಲ. ಅಂಚೆಯ ವೆಚ್ಚವನ್ನು ಹಿಡಿದು ಪದವಿಯನ್ನು ಗುರುತಿಸುವ ಉಪಾಯವು ಅಲ್ಲಿ ನಿಷ್ಫಲ. ಮೇಲಾಗಿ ಪತ್ರಕ್ಕೆ ಬರೆದ ಮರುಮಾತನ್ನು ಒಬ್ಬನೇ ಓದುತ್ತಿದ್ದನು. ಇಲ್ಲಿ ಊರೆಲ್ಲ ಓದುತ್ತದೆ. ಮಿಷಿಗನ್ ಸಂಸ್ಥಾನದ ಪೋರ್ಟ್ ಹ್ಯೂರನ್ ನಗರದ ಆಡಳಿತಾಧಿಕಾರಿಗಳಾದ ಜೇಮ್ಸ್ ಫ್ರೀಡ್ ಎಂಬವರು ಒಂದೇ ಪುಟದಲ್ಲಿ ಮನೆಯ ಮಾತನ್ನೂ ನಗರದ ವಾರ್ತೆಯನ್ನೂ ಬರೆಯುತ್ತಿದ್ದು, ಕೋವಿಡ್ ಕಾಲದಲ್ಲಿ ಆಕ್ಷೇಪಿಸಿದ ನಿವಾಸಿಯೊಬ್ಬರನ್ನು ಅಲ್ಲಿಂದ ಹೊರಗಿಟ್ಟರು. 2024ರ ಮಾರ್ಚಿ ತಿಂಗಳಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಈ ವ್ಯಾಜ್ಯದಲ್ಲಿ ಏಕಮತದಿಂದ ಎರಡಂಗದ ಲಕ್ಷಣವನ್ನು ಹೇಳಿತು: ಸರಕಾರದ ಪರವಾಗಿ ನುಡಿಯುವ ಅಧಿಕಾರವು ವಾಸ್ತವವಾಗಿ ಇರಬೇಕು, ಆ ಅಧಿಕಾರವನ್ನೇ ನಡೆಸುತ್ತಿರುವಂತೆ ನುಡಿದಿರಬೇಕು. ಎರಡನೆಯದು ಓದುಗನ ಕಣ್ಣಿಗೆ ಬೀಳುವಂಥದು. ಮೊದಲನೆಯದು ಕಡತಗಳಲ್ಲಿ ಅಡಗಿರುವುದು. ಈ ಲಕ್ಷಣದ ಕೊರತೆ ಪ್ರಾಯಶಃ ಇಲ್ಲಿಯೇ. ಪುಟವು ತನ್ನ ಸ್ವಂತದ್ದೆಂದು ಬರೆದವನು ಮೊದಲೇ ಸೂಚಿಸಿದ್ದರೆ, ಅದು ಹಾಗೆಯೇ ಎಂಬ ಬಲವಾದ ಊಹೆಗೆ ಅವಕಾಶವುಂಟೆಂದೂ ನ್ಯಾಯಾಲಯವು ಹೇಳಿರುವುದು. ಒಂದು ಮಾತನ್ನು ಅಳಿಸಿದರೆ ಆ ಬರೆಹವೊಂದನ್ನೇ ಪರೀಕ್ಷಿಸಿದರೆ ಸಾಕು. ಆಳನ್ನೇ ಹೊರಗಿಟ್ಟರೆ, ಅವನು ಮರುಮಾತಾಡಬಹುದಾಗಿದ್ದ ಬರೆಹಗಳೆಲ್ಲವೂ ಪರೀಕ್ಷೆಗೆ ಒಳಗಾಗುವುವು.