ರೂಟರ್ ನಿಮ್ಮ ಮನೆಯಲ್ಲಿದೆ, ಅದರ ಕೀಲಿ ಯಾರ ಹತ್ತಿರ?

ಪೆಗಾಸಸ್ ಬಗ್ಗೆ ಚಹಾದಂಗಡಿಯಲ್ಲಿ ಗಂಟೆಗಟ್ಟಲೆ ವಾದ ಮಾಡುವ ನಾವು, ಮನೆಯ ರೂಟರ್‌ನ ಪಾಸ್‌ವರ್ಡನ್ನು ‘ಅಡ್ಮಿನ್’ ಅಂತಲೇ ಬಿಟ್ಟಿರುತ್ತೇವೆ. ಕೊಲ್ಹಾರದಲ್ಲಿರುವ ನನ್ನ ಕಾಕಾನ ಮಗಳು ಮನೆಗೆ ಮೊದಲ ಸಲ ಫೈಬರ್ ಹಾಕಿಸುತ್ತಿದ್ದಾಳೆ. “ಅಣ್ಣಾ, ಡಬ್ಬಿ ಅವರ ಪುಕ್ಕಟೆ ಕೊಡ್ತಾರಂತ, ಮತ್ತ್ಯಾಕ ರೊಕ್ಕಾ ಹಾಕೂದು?” ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ.

ಮೊದಲು ಆ ಡಬ್ಬಿ ಏನು ಅಂತ ನೋಡೋಣ. ಕಂಬದಿಂದ ಬರುವ ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು. ಅದನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಒಎನ್‌ಟಿ. ಆ ಸಂಪರ್ಕವನ್ನು ಮನೆಯ ಫೋನು, ಲ್ಯಾಪ್‌ಟಾಪ್, ಟಿವಿಗೆ ಹಂಚುವುದು ರೂಟರ್. ಕಂಪನಿಗಳು ಸಾಮಾನ್ಯವಾಗಿ ಎರಡನ್ನೂ ಒಂದೇ ಡಬ್ಬಿಯಲ್ಲಿ ಕೊಡುತ್ತವೆ. ‘ಪುಕ್ಕಟೆ’ ಅಂದರೆ ಎಷ್ಟೋ ಸಲ ಆರು ತಿಂಗಳೋ ವರ್ಷವೋ ಮುಂಗಡ ಕಟ್ಟಬೇಕು, ಕನೆಕ್ಷನ್ ಬಿಟ್ಟ ದಿನ ಡಬ್ಬಿ ವಾಪಸ್ ಕೊಡಬೇಕು ಅಂತ ಅರ್ಥ.

ಕಂಪನಿ ಕೊಟ್ಟ ಡಬ್ಬಿಯನ್ನು ಅದು ದೂರದಿಂದಲೇ ತೆರೆದು ಸೆಟ್ಟಿಂಗ್ ಬದಲಿಸಬಹುದು. ಇದಕ್ಕೆ 2004ರಿಂದಲೇ ಟಿಆರ್-069 ಎಂಬ ವ್ಯವಸ್ಥೆ ಇದೆ. ಇದು ಕಳ್ಳತನವೇನಲ್ಲ, ನೆಟ್ ಕೆಟ್ಟಾಗ ಕೂತಲ್ಲಿಂದಲೇ ರಿಪೇರಿ ಮಾಡಲು ಬೇಕಾಗುತ್ತದೆ. ಆದರೆ ಅಡ್ಮಿನ್ ಪಾಸ್‌ವರ್ಡನ್ನು ಗ್ರಾಹಕರಿಗೆ ಕೊಡುವುದೇ ಇಲ್ಲ ಅಂದರೆ, ಡಿಎನ್ಎಸ್ ಯಾವುದಿರಬೇಕು, ಮನೆಗೆ ಬಂದವರಿಗೆ ಬೇರೆ ವೈಫೈ ಇರಬೇಕಾ ಎನ್ನುವುದೂ ನಿಮ್ಮ ಕೈಲಿಲ್ಲ. ಡಿಎನ್ಎಸ್ ಅಂದರೆ ನೀವು ಕೇಳುವ ಪ್ರತಿ ಜಾಲತಾಣದ ವಿಳಾಸ ಹುಡುಕಿಕೊಡುವ ಸೇವೆ. ಪುಟದಲ್ಲಿ ಏನು ಓದಿದಿರಿ ಅಂತ ಅದಕ್ಕೆ ಕಾಣದಿದ್ದರೂ ಯಾವ ತಾಣಕ್ಕೆ ಹೋದಿರಿ ಅಂತ ಕಾಣುತ್ತದೆ.

ಪಾಸ್‌ವರ್ಡ್ ಬದಲಿಸದಿದ್ದರೆ ಏನಾಗುತ್ತೆ ಅಂತ 2016ರಲ್ಲಿ ಜಗತ್ತು ನೋಡಿದೆ. ಮಿರಾಯ್ ಎಂಬ ದುರುದ್ದೇಶದ ಪ್ರೋಗ್ರಾಂ, ಕಾರ್ಖಾನೆಯಲ್ಲೇ ಇಟ್ಟುಕೊಟ್ಟ ಅರವತ್ತರಷ್ಟು ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿ, ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿತು. ಅದೇ ಅಕ್ಟೋಬರ್ 21ರಂದು ಆ ಯಂತ್ರಗಳ ಪಡೆ ಅಮೆರಿಕದ ಡೈನ್ ಎಂಬ ಡಿಎನ್ಎಸ್ ಕಂಪನಿಯ ಮೇಲೆ ಬಿತ್ತು. ಟ್ವಿಟರ್, ನೆಟ್‌ಫ್ಲಿಕ್ಸ್ ತೆರೆಯದೆ ಕೂತವು. ಯಂತ್ರಗಳ ಮಾಲೀಕರಲ್ಲಿ ಹೆಚ್ಚಿನವರಿಗೆ ಸುದ್ದಿಯೇ ಇರಲಿಲ್ಲ!

ಹಾಗಾಗಿ ಅವಳಿಗೆ ನಾನು ಹೇಳಿದ್ದು: ಕಂಪನಿಯ ಒಎನ್‌ಟಿ ಇರಲಿ, ಅದಕ್ಕೆ ನಿನ್ನದೇ ರೂಟರ್ ಜೋಡಿಸು.

ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. ಎಸಿ1200 ಅಂದರೆ 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 867 ಎಂಬಿಪಿಎಸ್ ಕೂಡಿಸಿ, ಮೇಲಕ್ಕೆ ಪೂರ್ಣಗೊಳಿಸಿದ ಲೆಕ್ಕ. ಒಂದು ಫೋನಿಗೆ ಅಷ್ಟು ಸಿಗುವುದಿಲ್ಲ. ದೊಡ್ಡ ಮೋಸ ಅಡಗಿರುವುದು ಹಿಂಬದಿಯ ಪೋರ್ಟ್‌ನಲ್ಲಿ. ಕಡಿಮೆ ಬೆಲೆಯ ಅನೇಕ ರೂಟರ್‌ಗಳ ಪೋರ್ಟ್ 100 ಎಂಬಿಪಿಎಸ್‌ದು. 200ರ ಪ್ಲ್ಯಾನ್ ಹಾಕಿಸಿದರೂ ಅರ್ಧ ದುಡ್ಡು ಆ ತೂತಿನಲ್ಲೇ ನಿಂತುಹೋಗುತ್ತದೆ. ‘ಗಿಗಾಬಿಟ್’ ಅಂತ ಬರೆದಿದೆಯಾ ನೋಡಿ. ಡಬ್ಲ್ಯುಪಿಎ3 ಇರಲಿ. ಸಾಫ್ಟ್‌ವೇರ್ ಅಪ್‌ಡೇಟ್ ಇನ್ನೂ ಬರುತ್ತಿದೆಯಾ ಅಂತ ತಯಾರಕರ ಪುಟದಲ್ಲಿ ಖಾತ್ರಿ ಮಾಡಿಕೊಳ್ಳಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ನಡೆಯುವ ಮಾಡೆಲ್ ಸಿಕ್ಕರಂತೂ ಕಂಪನಿ ಕೈಬಿಟ್ಟ ಮೇಲೂ ಅದಕ್ಕೆ ಆಯುಸ್ಸು ಇರುತ್ತದೆ.

ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಕೊಟ್ಟು ಹೊಸದಾಗಿ ಕಟ್ಟಿಕೊಂಡ ಊರು ಕೊಲ್ಹಾರ. ಆರ್‌ಸಿಸಿ ಮನೆಯಾದರೆ 5 ಗಿಗಾಹರ್ಟ್ಸ್ ಸಂಕೇತ ಸ್ಲ್ಯಾಬ್ ದಾಟುವಷ್ಟರಲ್ಲಿ ಸೊರಗುತ್ತದೆ. ರೂಟರ್ ವೈರ್ ಬಂದ ಮೂಲೆಯಲ್ಲಿ ಬೇಡ, ನಡುಮನೆಯಲ್ಲಿ ಎತ್ತರಕ್ಕಿರಲಿ. ಇನ್ನು ಕರೆಂಟು. ಆಲಮಟ್ಟಿಯಲ್ಲಿ 290 ಮೆಗಾವಾಟ್ ಜಲವಿದ್ಯುತ್ ಕೇಂದ್ರವಿದ್ದರೂ ಮನೆಯ ಲೈಟು ಹೋಗುವುದು ತಪ್ಪಿಲ್ಲ. ಆದರೆ ಫೈಬರ್‌ಗೆ ಒಂದು ಅನುಕೂಲವಿದೆ: ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಆಪರೇಟರ್ ಕಡೆ ಬ್ಯಾಕಪ್ ಇದ್ದು, ನಿಮ್ಮ ಒಎನ್‌ಟಿ ಮತ್ತು ರೂಟರ್ ಎರಡಕ್ಕೂ ಸಣ್ಣ ಡಿಸಿ ಯುಪಿಎಸ್ ಇದ್ದರೆ ಕತ್ತಲಲ್ಲೂ ಆನ್‌ಲೈನ್ ಪರೀಕ್ಷೆ ಬರೆಯಬಹುದು. ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯೋ 9 ಇದೆಯೋ ನೋಡಿಯೇ ಕೊಳ್ಳಿ.

ಕನೆಕ್ಷನ್ ಕೊಡಲು ಹುಡುಗ ಬಂದಾಗ ಎರಡು ಕೆಲಸ ಮಾಡಿಸಿಕೊಳ್ಳಿ. ಒಎನ್‌ಟಿಯನ್ನು ‘ಬ್ರಿಡ್ಜ್ ಮೋಡ್‌’ಗೆ ಹಾಕಿಸಿ. ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಚೀಟಿಯಲ್ಲಿ ಬರೆಸಿಕೊಳ್ಳಿ. “ಅದೆಲ್ಲಾ ನಿಮಗ್ಯಾಕ್ರೀ?” ಅಂದರೆ, ಹಣ ಕಟ್ಟುವ ಮೊದಲೇ ಆಫೀಸಿಗೆ ಫೋನ್ ಹಚ್ಚಿ ಕೇಳಿ.