ಕಡಲ ಮೇಲೆ ನಾಲ್ಕು ತಿಂಗಳ ಸಂಸಾರ

ಭೂಮಿಯನ್ನು ಒಂದು ಸುತ್ತು ಹಾಕಿ ಬರುವ ವಿಹಾರನೌಕೆಗಳು ಸಾಮಾನ್ಯವಾಗಿ ಜನವರಿಯ ಮೊದಲ ದಿನಗಳಲ್ಲಿ, ಉತ್ತರ ಗೋಳಾರ್ಧದಲ್ಲಿ ಚಳಿ ಬಲಿತಿರುವಾಗ, ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ಅಥವಾ ಇಂಗ್ಲೆಂಡಿನ ಸೌತಾಂಪ್ಟನ್ ಮೊದಲಾದ ಬಂದರುಗಳಿಂದ ಹೊರಟು, ಸುಮಾರು ನಾಲ್ಕು ತಿಂಗಳು ಕಡಲಲ್ಲಿದ್ದು, ವಸಂತಕಾಲ ಬಂದ ಮೇಲೆ ಮರಳುತ್ತವೆ. ಇಷ್ಟು ದೀರ್ಘ ಯಾನಕ್ಕೆ ಬೇಕಾಗುವ ಹಣ ಮತ್ತು ಬಿಡುವು ಎರಡೂ ಕೂಡಿಬರುವುದು ಬಹುಮಟ್ಟಿಗೆ ನಿವೃತ್ತರಿಗೇ ಆದ್ದರಿಂದ, ಈ ಹಡಗುಗಳಲ್ಲಿ ಅರವತ್ತು ಎಪ್ಪತ್ತು ದಾಟಿದ ದಂಪತಿಗಳೇ ಹೆಚ್ಚು. ಒಂದು ವಾರದ ವಿಹಾರಕ್ಕೆ ಬಂದವರಲ್ಲಿರುವ ಆತುರ, ಕೊಟ್ಟ ಹಣಕ್ಕೆ ತಕ್ಕಷ್ಟು ನೋಡಿಬಿಡಬೇಕೆಂಬ ತವಕ ಇವರಲ್ಲಿ ಕಾಣುವುದಿಲ್ಲ. ಇವರು ಹಡಗಿನಲ್ಲಿ ಸಂಸಾರ ಹೂಡುತ್ತಾರೆ. ಇದನ್ನು ಪ್ರವಾಸವೆನ್ನುವುದಕ್ಕಿಂತ ವಾಸವೆಂದೇ ಕರೆಯುವುದು ಸರಿ, ಹಾಗೆ ನೋಡಿದಾಗಲೇ ಇದರ ಸ್ವಾರಸ್ಯ ತಿಳಿಯುತ್ತದೆ.

ಈ ಬಗೆಯ ಯಾನ ಹುಟ್ಟಿದ್ದು ಹಡಗು ಕಂಪನಿಗಳ ಚಳಿಗಾಲದ ಚಿಂತೆಯಿಂದ. ಅಟ್ಲಾಂಟಿಕ್ ಸಾಗರವನ್ನು ದಾಟಿಸುವ ಹಡಗುಗಳಿಗೆ ಆ ಕಾಲದಲ್ಲಿ ಪ್ರಯಾಣಿಕರು ಕಡಿಮೆಯಾಗುತ್ತಿದ್ದುದರಿಂದ, ಜರ್ಮನಿಯ ಹಡಗು ಉದ್ಯಮಿ ಆಲ್ಬರ್ಟ್ ಬಾಲಿನ್ 1891ರಲ್ಲಿ ‘ಆಗಸ್ಟಾ ವಿಕ್ಟೋರಿಯಾ’ ಎಂಬ ಹಡಗನ್ನು ಬಂದರಿನಲ್ಲಿ ಸುಮ್ಮನೆ ನಿಲ್ಲಿಸುವ ಬದಲು ಮೆಡಿಟರೇನಿಯನ್ ವಿಹಾರಕ್ಕೆ ಕಳುಹಿಸಿದನು. ಮುಂದೆ 1914ರಲ್ಲಿ ಪನಾಮಾ ಕಾಲುವೆ ತೆರೆದ ಮೇಲೆ, ಸೂಯೆಜ್ ಮತ್ತು ಪನಾಮಾಗಳೆರಡನ್ನೂ ಹಾದು ಒಂದೇ ಹಡಗಿನಲ್ಲಿ ಲೋಕವನ್ನು ಸುತ್ತಿಬರುವುದು ಸುಲಭವಾಯಿತು. ಕುನಾರ್ಡ್ ಕಂಪನಿಯ ‘ಲಕೋನಿಯಾ’ 1922ರ ನವೆಂಬರಿನಲ್ಲಿ ನ್ಯೂಯಾರ್ಕಿನಿಂದ ಹೊರಟು ನಡೆಸಿದ ಯಾನವನ್ನು ಈ ಪರಂಪರೆಯ ಆರಂಭವೆಂದು ಸಾಮಾನ್ಯವಾಗಿ ಗಣಿಸಲಾಗುತ್ತದೆ.

ಹಡಗಿನಲ್ಲಿ ದಂಪತಿಗೆ ಸಿಗುವ ಮನೆಯೆಂದರೆ ನೂರೈವತ್ತರಿಂದ ಇನ್ನೂರು ಚದರಡಿಯ ಒಂದು ಕ್ಯಾಬಿನ್. ಹೆಚ್ಚು ಹಣ ತೆತ್ತವರಿಗೆ ಬಾಲ್ಕನಿ ಉಂಟು, ಉಳಿದವರಿಗೆ ಒಂದು ಕಿಟಕಿ, ಅಗ್ಗದ ಕೋಣೆಗಳಿಗೆ ಕಿಟಕಿಯೂ ಇಲ್ಲ. ಬಟ್ಟೆಯನ್ನೆಲ್ಲ ಕಪಾಟಿಗೆ ಜೋಡಿಸಿ ಖಾಲಿ ಸೂಟ್‌ಕೇಸುಗಳನ್ನು ಮಂಚದ ಅಡಿಗೆ ತಳ್ಳಿದ ದಿನ ಗೃಹಪ್ರವೇಶ ಮುಗಿದಂತೆ. ಗೋಡೆಗಳು ಉಕ್ಕಿನವಾದ್ದರಿಂದ ಮೊಳೆ ಹೊಡೆಯುವಂತಿಲ್ಲ, ಆದರೆ ಅಯಸ್ಕಾಂತ ಅಂಟಿಕೊಳ್ಳುತ್ತದೆ. ಅನುಭವಿಗಳು ಅಯಸ್ಕಾಂತದ ಕೊಕ್ಕೆಗಳನ್ನು ತಂದು ಟೋಪಿ, ಚೀಲ, ಮೊಮ್ಮಕ್ಕಳ ಚಿತ್ರಗಳನ್ನು ತೂಗುಹಾಕುತ್ತಾರೆ. ಬೆಂಕಿಯ ಭಯದಿಂದ ಇಸ್ತ್ರಿಪೆಟ್ಟಿಗೆ, ಮೇಣದಬತ್ತಿಗಳಿಗೆ ಕೋಣೆಯಲ್ಲಿ ಪ್ರವೇಶವಿಲ್ಲ. ಕನ್ನಡಿಯ ಮುಂದೆ ನಾಲ್ಕು ತಿಂಗಳಿಗೆ ಸಾಲುವಷ್ಟು ಮಾತ್ರೆಗಳು, ವಾರದ ಏಳು ದಿನಗಳಿಗೆ ಏಳು ಮನೆಯಿರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಲ್ಲಿ, ಗಂಡನದೊಂದು ಹೆಂಡತಿಯದೊಂದು ಎಂದು ಪಕ್ಕಪಕ್ಕದಲ್ಲಿ ಕುಳಿತಿರುತ್ತವೆ. ದಿನಗಳೆಲ್ಲ ಒಂದೇ ತೆರನಾಗಿ ಕಾಣುವ ನಡುಗಡಲಿನಲ್ಲಿ ಇವತ್ತು ಯಾವ ವಾರವೆಂದು ಹೇಳುವುದೂ ಆ ಡಬ್ಬಿಯೇ.

ದುಡಿಯುವ ವರ್ಷಗಳಲ್ಲಿ ಒಬ್ಬರನ್ನೊಬ್ಬರು ಬೆಳಿಗ್ಗೆ ಸಂಜೆ ಮಾತ್ರ ಕಂಡವರು ಇಲ್ಲಿ ಇಷ್ಟು ಕಿರಿದಾದ ಜಾಗದಲ್ಲಿ ಹಗಲಿರುಳೂ ಜೊತೆಗಿರಬೇಕಾಗುತ್ತದೆ. ಹೊಂದಿಕೊಂಡ ದಂಪತಿಗಳು ಕಂಡುಕೊಂಡ ಉಪಾಯವೆಂದರೆ ಹಗಲನ್ನು ಹಂಚಿಕೊಳ್ಳುವುದು. ಬೇಗ ಏಳುವವರು ಸದ್ದಿಲ್ಲದೆ ಹೊರಬಿದ್ದು ಹಡಗಿನ ಸುತ್ತ ಹೊರಾಂಗಣದಲ್ಲಿ ಹಾದುಹೋಗುವ ಪ್ರೊಮೆನೇಡ್ ಡೆಕ್ ಎಂಬ ಮರದ ಹಾದಿಯಲ್ಲಿ ನಡೆಯುತ್ತಾರೆ. ಮಧ್ಯಮ ಗಾತ್ರದ ಹಡಗಿನಲ್ಲಿ ಅಂಥ ಮೂರು ನಾಲ್ಕು ಸುತ್ತಿಗೆ ಒಂದು ಮೈಲಿಯಾಗುತ್ತದೆ. ತಡವಾಗಿ ಏಳುವವರಿಗೆ ಅಷ್ಟರಲ್ಲಿ ಕೋಣೆಯ ಏಕಾಂತ ಸಿಕ್ಕಿರುತ್ತದೆ. ಬೆಳಗಿನ ಉಪಾಹಾರಕ್ಕೆ ಕೂಡುತ್ತಾರೆ, ಮತ್ತೆ ಒಬ್ಬರು ಉಪನ್ಯಾಸಕ್ಕೆ, ಒಬ್ಬರು ಹೆಣಿಗೆಯ ಗುಂಪಿಗೋ ಗಾಯನವೃಂದಕ್ಕೋ ಹೋಗುತ್ತಾರೆ. ಗ್ರಂಥಾಲಯದ ಪಕ್ಕದ ಮೇಜಿನ ಮೇಲೆ ಸಾವಿರ ತುಣುಕುಗಳ ಚಿತ್ರಬಂಧವೊಂದು ಸದಾ ಅರ್ಧ ಜೋಡಣೆಯಾಗಿ ಬಿದ್ದಿರುತ್ತದೆ. ಅದು ಯಾರೊಬ್ಬರದೂ ಅಲ್ಲ, ಹಾದುಹೋಗುವವರು ನಿಂತು ಒಂದೆರಡು ತುಣುಕು ಕೂಡಿಸುತ್ತಾರೆ, ಆ ನೆಪದಲ್ಲಿ ಮಾತು ಬೆಳೆಯುತ್ತದೆ, ಊರಿನ ಅರಳಿಕಟ್ಟೆಗೆ ಸಮನಾದುದು ಹಡಗಿನಲ್ಲಿ ಇದೇ. ಸಂಗಾತಿಯನ್ನು ಕಳೆದುಕೊಂಡು ಒಂಟಿಯಾಗಿ ಬಂದವರಿಗೆ ಮೊದಲ ಸ್ನೇಹ ದೊರೆಯುವುದೂ ಹೆಚ್ಚಾಗಿ ಇಂಥ ಮೇಜುಗಳ ಬಳಿಯೇ.

ಮಧ್ಯಾಹ್ನ ಹನ್ನೆರಡಕ್ಕೆ ಧ್ವನಿವರ್ಧಕದಲ್ಲಿ ಬರುವ ಕಪ್ತಾನನ ವರದಿ ನಡುಗಡಲಿನ ದಿನದ ದೊಡ್ಡ ಘಟನೆ. ಹಡಗು ಇರುವ ಅಕ್ಷಾಂಶ ರೇಖಾಂಶಗಳು, ಗಾಳಿಯ ದಿಕ್ಕು, ಅಡಿಯಲ್ಲಿರುವ ನೀರಿನ ಆಳ, ಸಾಗಿದ ದೂರ ಇವೆಲ್ಲ ಅದರಲ್ಲಿ ಬರುತ್ತವೆ. ಕಡಲಿನ ದೂರವನ್ನು ಅಳೆಯುವುದು ನಾಟಿಕಲ್ ಮೈಲಿಯಲ್ಲಿ. ಅದು 1,852 ಮೀಟರ್, ಅಂದರೆ ಒಂದು ಡಿಗ್ರಿ ಅಕ್ಷಾಂಶದ ಅರವತ್ತನೆಯ ಒಂದು ಪಾಲು. ಗಂಟೆಗೆ ಒಂದು ನಾಟಿಕಲ್ ಮೈಲಿ ಸಾಗುವ ವೇಗವೇ ಒಂದು ನಾಟ್. ವರದಿ ಕೇಳಿಬಂದೊಡನೆ ಮಾತು ನಿಲ್ಲಿಸಿ, ಅಂಕಿಗಳನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು, ಗೋಡೆಯ ನಕಾಶೆಯಲ್ಲಿ ಗುರುತು ಹಾಕುವವರು ಪ್ರತಿ ಯಾನದಲ್ಲೂ ಇರುತ್ತಾರೆ.

ಹೊರಗೆ ಹಡಗು ಸಾಗುವ ಈ ದೂರ ಒಳಗಿನವರಿಗೆ ತಟ್ಟುವುದು ಗಡಿಯಾರದ ಮೂಲಕ. ಭೂಮಿ ಗಂಟೆಗೆ 15 ಡಿಗ್ರಿಯಷ್ಟು ತಿರುಗುವುದರಿಂದ, ಪಶ್ಚಿಮಕ್ಕೆ 15 ಡಿಗ್ರಿ ಸಾಗಿದಾಗಲೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡಬೇಕು. ಸಮಭಾಜಕದ ಬಳಿ 15 ಡಿಗ್ರಿಯೆಂದರೆ 900 ನಾಟಿಕಲ್ ಮೈಲಿ. 18 ನಾಟ್ ವೇಗದ ಹಡಗು ದಿನಕ್ಕೆ 432 ಮೈಲಿ ಸಾಗುವುದರಿಂದ, ಪೆಸಿಫಿಕ್ಕಿನಲ್ಲಿ ನೇರ ಪಶ್ಚಿಮಕ್ಕೆ ಹೊರಟವರಿಗೆ ಎರಡು ದಿನಕ್ಕೊಮ್ಮೆ ಇಪ್ಪತ್ತೈದು ಗಂಟೆಗಳ ದಿನ ಒದಗುತ್ತದೆ. ಸ್ಟುವರ್ಡ್, ಅಂದರೆ ಕೋಣೆಯನ್ನು ನೋಡಿಕೊಳ್ಳುವ ಸೇವಕ, ಆ ರಾತ್ರಿ ಗಡಿಯಾರ ಹಿಂದಿಡಬೇಕೆಂಬ ಚೀಟಿಯನ್ನು ಹಾಸಿಗೆಯ ಮೇಲಿಟ್ಟು ಹೋಗಿರುತ್ತಾನೆ. ಹೀಗೆ ಗಳಿಸಿದ ಗಂಟೆಗಳ ಲೆಕ್ಕ ಸರಿಹೊಂದುವುದು ಪೆಸಿಫಿಕ್ಕಿನ ನಡುವೆ, 180ನೆಯ ರೇಖಾಂಶಕ್ಕೆ ಹೊಂದಿಕೊಂಡಿರುವ ಅಂತರರಾಷ್ಟ್ರೀಯ ದಿನರೇಖೆಯಲ್ಲಿ. ಅದನ್ನು ಪಶ್ಚಿಮಾಭಿಮುಖವಾಗಿ ದಾಟಿದಾಗ ಒಂದು ಇಡೀ ದಿನ ಪಂಚಾಂಗದಿಂದ ಬಿಟ್ಟುಹೋಗುತ್ತದೆ: ಮಂಗಳವಾರ ರಾತ್ರಿ ಮಲಗಿದವರು ಗುರುವಾರ ಏಳುತ್ತಾರೆ. ಮದುವೆಯ ವಾರ್ಷಿಕೋತ್ಸವ ಆ ಬುಧವಾರವೇ ಇದ್ದವರಿಗೆ ಆ ವರ್ಷ ಅದು ಬರುವುದೇ ಇಲ್ಲ.

ಬಂದರುಗಳಲ್ಲಿ ಪ್ರಸಿದ್ಧವಾದುವನ್ನು ಹೆಚ್ಚು ವರ್ಣಿಸಬೇಕಾಗಿಲ್ಲ. ಇಳಿಯಲಾಗದ ಪಿಟ್‌ಕೇರ್ನ್ ದ್ವೀಪದ ಮುಂದೆ ಕಳೆಯುವ ಕೆಲವು ಗಂಟೆಗಳು ಅವಕ್ಕಿಂತ ಗಾಢವಾಗಿ ಮನಸ್ಸಿನಲ್ಲಿ ಉಳಿಯುತ್ತವೆ. ದಕ್ಷಿಣ ಪೆಸಿಫಿಕ್ಕಿನ ಈ ಬಂಡೆಗಲ್ಲಿನ ದ್ವೀಪದಲ್ಲಿ 1789ರಲ್ಲಿ ‘ಬೌಂಟಿ’ ಎಂಬ ಬ್ರಿಟಿಷ್ ನೌಕೆಯಲ್ಲಿ ದಂಗೆಯೆದ್ದ ನಾವಿಕರು ತಹೀಟಿಯ ಹೆಂಗಸರು ಗಂಡಸರೊಡನೆ 1790ರಲ್ಲಿ ಬಂದು ನೆಲೆಸಿದರು, ಅವರ ವಂಶಜರು ಇಂದಿಗೂ ಅಲ್ಲಿದ್ದಾರೆ. ಜನಸಂಖ್ಯೆ ಐವತ್ತರ ಆಸುಪಾಸು. ದೊಡ್ಡ ಹಡಗು ನಿಲ್ಲುವ ಬಂದರು ಅಲ್ಲಿಲ್ಲವಾದ್ದರಿಂದ ಊರೇ ಹಡಗಿಗೆ ಬರುತ್ತದೆ. ಉದ್ದನೆಯ ದೋಣಿಯೊಂದು ಅಲೆಗಳ ಮೇಲೆ ಏರಿಳಿಯುತ್ತಾ ಹಡಗಿನ ಪಕ್ಕಕ್ಕೆ ಬಂದು ತಾಗುತ್ತದೆ, ಹಗ್ಗದ ಏಣಿಯಿಂದ ಜನ ಹತ್ತಿಬರುತ್ತಾರೆ, ತಂದ ಗಂಟುಗಳನ್ನು ಬಿಚ್ಚಿ ಡೆಕ್ಕಿನ ಮೇಲೆ ಸಂತೆ ಹೂಡುತ್ತಾರೆ: ಮರದಲ್ಲಿ ಕೆತ್ತಿದ ಮೀನು ಮತ್ತು ಆಮೆ, ಜೇನಿನ ಬಾಟಲಿ, ಅಂಚೆಚೀಟಿ. ಮೊಮ್ಮಕ್ಕಳಿಗೆಂದು ಕೊಳ್ಳುವ ವೃದ್ಧರು ಆ ಮರ ಯಾವುದು, ಔಷಧಿ ಎಲ್ಲಿಂದ ಬರುತ್ತದೆ, ಕಾಯಿಲೆಯಾದರೆ ಏನು ಮಾಡುತ್ತೀರಿ ಎಂದು ವಿಚಾರಿಸುತ್ತಾರೆ. ವ್ಯಾಪಾರ ಮುಗಿಸಿ ದೋಣಿ ದಡದ ಕಡೆ ತಿರುಗಿದಾಗ ಸಾವಿರಾರು ಜನರ ಹಡಗು ಆ ಕೆಲವೇ ಮಂದಿಯತ್ತ ಕೈಬೀಸುತ್ತಾ ನಿಂತಿರುತ್ತದೆ.

ಇಂಥ ಯಾನಗಳ ಹಡಗುಗಳು ಹಿಂದೂಮಹಾಸಾಗರದಲ್ಲಿ ಕೊಚ್ಚಿ, ಗೋವಾ, ಮುಂಬಯಿಗಳಿಗೆ ಬರುವಂತೆ ಕೆಲವೊಮ್ಮೆ ಪಣಂಬೂರಿನ ನವಮಂಗಳೂರು ಬಂದರಿಗೂ ಬರುತ್ತವೆ. ಚೆಂಡೆಯ ಸದ್ದು, ಯಕ್ಷಗಾನದ ವೇಷಗಳ ಸ್ವಾಗತದ ನಡುವೆ ಇಳಿದವರು ಬಸ್ಸಿನಲ್ಲಿ ಕುದ್ರೋಳಿಯ ದೇವಸ್ಥಾನಕ್ಕೆ, ಇಟಲಿಯ ಜೆಸ್ವಿಟ್ ಕಲಾವಿದ ಆಂಟೋನಿಯೊ ಮೊಸ್ಕೇನಿಯ ಚಿತ್ರಗಳಿರುವ ಸಂತ ಅಲೋಶಿಯಸ್ ಚಾಪೆಲಿಗೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋಗಿ ಸಂಜೆಯೊಳಗೆ ಮರಳುತ್ತಾರೆ. ಆದರೆ ಈ ಕರಾವಳಿಗೂ ವಿಹಾರನೌಕೆಗಳಿಗೂ ಇರುವ ನಂಟು ಅದಕ್ಕಿಂತ ಗಟ್ಟಿಯಾದದ್ದು. ಗೋವಾದಿಂದ ಮಂಗಳೂರಿನವರೆಗಿನ ಊರುಗಳಲ್ಲಿ ‘ಶಿಪ್ಪಿನಲ್ಲಿದ್ದಾನೆ’ ಎಂಬ ಮಾತು ಎಷ್ಟೋ ಮನೆಗಳ ವರ್ತಮಾನ. ಅಡುಗೆಮನೆಯಲ್ಲಿ, ಊಟದ ಸಭಾಂಗಣದಲ್ಲಿ, ಕೋಣೆಗಳಲ್ಲಿ ದುಡಿಯುವ ಈ ಯುವಕರು ಇಂಡೊನೇಷಿಯಾ, ಫಿಲಿಪ್ಪೀನ್ಸ್‌ನ ಸಹೋದ್ಯೋಗಿಗಳೊಡನೆ ಎಷ್ಟೋ ತಿಂಗಳ ಒಪ್ಪಂದದ ಮೇಲೆ ಮನೆಯಿಂದ ದೂರವಿರುತ್ತಾರೆ. ಕಡಲ ಕಾರ್ಮಿಕರ ಕುರಿತ 2006ರ ಅಂತರರಾಷ್ಟ್ರೀಯ ಒಡಂಬಡಿಕೆ ಅವರಿಗೆ ದಿನಕ್ಕೆ ಕನಿಷ್ಠ 10 ಗಂಟೆಯ ವಿಶ್ರಾಂತಿಯನ್ನು ವಿಧಿಸುತ್ತದೆ. ಉಳಿದ ಗಂಟೆಗಳು ಎಷ್ಟು ದೀರ್ಘವಾಗಬಲ್ಲವೆಂಬುದು ಆ ಅಂಕಿಯಿಂದಲೇ ತಿಳಿಯುತ್ತದೆ. ನಿವೃತ್ತರ ನಿಶ್ಚಿಂತೆಯನ್ನು ವರ್ಣಿಸುವವರು ಈ ದುಡಿಮೆಯನ್ನು ಮರೆಯುವುದು ಅನ್ಯಾಯ. ದೀರ್ಘಯಾನದ ದಂಪತಿಗಳು ಸಾಮಾನ್ಯವಾಗಿ ಮರೆಯುವುದೂ ಇಲ್ಲ: ಟವೆಲನ್ನು ಮಡಚಿ ಆನೆ ಮಾಡಿಡುವ ಸ್ಟುವರ್ಡಿನ ಮಕ್ಕಳ ಹೆಸರು, ಅವರ ಪರೀಕ್ಷೆಯ ಫಲಿತಾಂಶ, ಅವನು ಮನೆಗೆ ಹೋಗುವ ದಿನ ಎಲ್ಲವೂ ಇವರಿಗೆ ಗೊತ್ತಿರುತ್ತದೆ.

ಇಳಿವಯಸ್ಸಿನವರಿಗೆ ಇಂಥ ಜೀವನ ಎಷ್ಟು ಸುರಕ್ಷಿತವೆಂಬ ಪ್ರಶ್ನೆ ಸಹಜ. ಅದೇ ಒಡಂಬಡಿಕೆಯ ಪ್ರಕಾರ ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ, ಮೂರು ದಿನಕ್ಕೂ ಮೀರಿದ ಅಂತರರಾಷ್ಟ್ರೀಯ ಯಾನದ ಹಡಗಿನಲ್ಲಿ ವೈದ್ಯರಿರುವುದು ಕಡ್ಡಾಯ. ಹಡಗಿನಲ್ಲಿ ವೃದ್ಧಾಶ್ರಮದಷ್ಟೇ ನೆರವು ಹೆಚ್ಚುಕಡಿಮೆ ಅಷ್ಟೇ ವೆಚ್ಚದಲ್ಲಿ ದೊರೆಯುತ್ತದೆಂದು ವಾದಿಸುವ ಲೇಖನವೊಂದು ಅಮೆರಿಕದ ವೃದ್ಧವೈದ್ಯಕೀಯ ಪತ್ರಿಕೆಯಲ್ಲಿ 2004ರಲ್ಲಿ ಪ್ರಕಟವಾಯಿತು. ಈ ವಾದಕ್ಕೆ ಒಂದು ಮಿತಿಯಿದೆ: ಹೃದಯಾಘಾತವಾದವರನ್ನು ಕೂಡಲೇ ಸಾಗಿಸಬಲ್ಲ ದೊಡ್ಡ ಆಸ್ಪತ್ರೆ ನಡುಗಡಲಿನಲ್ಲಿ ಇಲ್ಲ, ಹೆಲಿಕಾಪ್ಟರಿನ ಹಾದಿಗೂ ದೂರವಾದ ದಿನಗಳು ಪೆಸಿಫಿಕ್ಕಿನಲ್ಲಿ ಬಹಳ. ಶವಾಗಾರವೂ ಹಡಗಿನ ವ್ಯವಸ್ಥೆಯ ಭಾಗ. ಊಟದ ಮೇಜಿನಲ್ಲಿ ಒಂದು ಕುರ್ಚಿ ಒಂದು ದಿನ ಖಾಲಿಯಾದರೆ ಉಳಿದವರು ಕೇಳುವುದಿಲ್ಲ, ತಿಳಿದುಕೊಳ್ಳುತ್ತಾರೆ. ಉಳಿದ ಸಂಗಾತಿ ಹಡಗಿಳಿಯುವವರೆಗೆ ಒಂಟಿಯಾಗಿ ಊಟಕ್ಕೆ ಕೂರದಂತೆ ನೋಡಿಕೊಳ್ಳುತ್ತಾರೆ.

ಯಾನದ ಕೊನೆಯ ವಾರ ಮಂಚದಡಿಯ ಸೂಟ್‌ಕೇಸುಗಳು ಹೊರಬರುತ್ತವೆ. ಕೊನೆಯ ರಾತ್ರಿ ಅವು ಕ್ಯಾಬಿನ್ ಬಾಗಿಲ ಹೊರಗೆ, ಕಿರಿದಾದ ಓಣಿಯ ಉದ್ದಕ್ಕೂ ಸಾಲಾಗಿ ನಿಲ್ಲುತ್ತವೆ. ಗೋಡೆಯ ಅಯಸ್ಕಾಂತಗಳನ್ನು ಕಿತ್ತು, ಮೊಮ್ಮಕ್ಕಳ ಚಿತ್ರಗಳನ್ನು ಕೈಚೀಲದಲ್ಲಿಟ್ಟುಕೊಳ್ಳುವ ದಂಪತಿಗಳಲ್ಲಿ ಅನೇಕರು ಅಷ್ಟರಲ್ಲಾಗಲೇ ಹಡಗಿನ ಕಚೇರಿಯಲ್ಲಿ ಮುಂದಿನ ಯಾನಕ್ಕೆ ಮುಂಗಡ ಕಟ್ಟಿರುತ್ತಾರೆ, ಸಾಧ್ಯವಾದರೆ ಇದೇ ಸಂಖ್ಯೆಯ ಕೋಣೆ ಬೇಕೆಂಬ ಕೋರಿಕೆಯೊಡನೆ.